ಎಂಟನೇ ಬಾಗಿಲು ತೆರೆದ ಮೇಲೂ ಮೈಟ್ ಗೈ ಬದುಕಿದ್ದು ಹೇಗೆ?

ನಿಂಜಾಗಳ ಕಥೆ ಹೇಳುವ ಜಪಾನಿನ ಮಾಂಗಾ (ಚಿತ್ರಕಥೆ) 'ನರುಟೊ'ದಲ್ಲಿ ಮೈಯೊಳಗಿನ ಎಂಟೂ ಬಾಗಿಲು ತೆರೆದವರು ಸಾಯಲೇಬೇಕು ಅಂತ ಮೊದಲಿನಿಂದ ಹೇಳಿ, ಕೊನೆಗೆ ನಿಂಜಾ ಗುರು ಗೈ ಅವರನ್ನು ಬದುಕಿಸಿದ್ದು ಮೋಸ ಅಲ್ವಾ ಅಂತ ಕೇಳಿದ್ದೀರಿ. ಖಂಡಿತ ಅಲ್ಲ ಅಂತೀನಿ. ಗೈ ನಿಜವಾಗಿಯೂ ಸಾಯುತ್ತಿದ್ದರು. ಜೀವ ಹೋಗುವ ಮೊದಲೇ ಕಥಾನಾಯಕ ನರುಟೊ ಬಂದು ಅದನ್ನು ಹಿಡಿದು ನಿಲ್ಲಿಸಿದ, ಅಷ್ಟೇ.

ಈ ಬಾಗಿಲುಗಳು ದೇಹ ತನ್ನನ್ನು ಕಾಪಾಡಿಕೊಳ್ಳಲು 'ಚಕ್ರ'ದ (ನಿಂಜಾಗಳು ಬಳಸುವ ಒಳಶಕ್ತಿ) ಹರಿವಿಗೆ ಹಾಕಿಕೊಂಡ ತಡೆಗಳು. ಒಂದೊಂದನ್ನೇ ತೆಗೆದಂತೆ ಬಲ ಏರುತ್ತದೆ, ಮೈ ಹಾಳಾಗುತ್ತದೆ. ನಿಂಜಾಗಳ ಬಡ್ತಿಗಾಗಿ ನಡೆಯುವ ಚೂನಿನ್ ಪರೀಕ್ಷೆಯಲ್ಲಿ ಗಾರಾ ಎಂಬ ಹುಡುಗನ ಎದುರು ಗೈ ಅವರ ಶಿಷ್ಯ ರಾಕ್ ಲೀ ಐದನೆಯದರವರೆಗೆ ಹೋದಾಗಲೇ ಅವನ ಸ್ನಾಯುಗಳು ಹರಿದಿದ್ದವು. ಎಂಟನೆಯದು ಇರುವುದು ಹೃದಯದಲ್ಲಿ, ಅದರ ಹೆಸರೇ ಸಾವಿನ ಬಾಗಿಲು. ಅದನ್ನು ತೆರೆದರೆ ಸ್ವಲ್ಪ ಹೊತ್ತು ಹಳ್ಳಿಯ ಮುಖ್ಯಸ್ಥ ನಿಂಜಾ ಹೊಕಾಗೆಯನ್ನೂ ಮೀರಿಸುವ ಶಕ್ತಿ ಬರುತ್ತದೆ. ರಕ್ತವೇ ಕೆಂಪು ಹಬೆಯಾಗಿ ಮೈಯಿಂದ ಏಳುತ್ತದೆ. (ಈ ಎಂಟು ಹೆಸರುಗಳು ಕಥೆಗಾಗಿ ಹುಟ್ಟಿದವಲ್ಲ. ಚೀನಾದ ಹಳೆಯ ಶಕುನಶಾಸ್ತ್ರ 'ಚೀ ಮೆನ್ ದುನ್ ಜ್ಯಾ'ದಲ್ಲೂ ಇದೇ ಎಂಟು ಬಾಗಿಲುಗಳಿವೆ.)

ಆರುವ ಮುಂಚೆ ದೀಪ ಜೋರಾಗಿ ಉರಿಯುತ್ತದೆ ಅಂತ ನಮ್ಮಲ್ಲಿ ಹೇಳುತ್ತಾರಲ್ಲ, ಎಂಟನೇ ಬಾಗಿಲು ಅಂದರೆ ಅದೇ. ಇದ್ದ ಎಣ್ಣೆಯೆಲ್ಲ ಒಂದೇ ಸಲ ಉರಿದು ಹೋಗುತ್ತದೆ.

ಯುದ್ಧದಲ್ಲಿ ಖಳನಾಯಕ ಮದಾರಾ ಎದುರು ನಡೆದದ್ದೂ ಇದೇ. 'ಸಂಜೆ ಆನೆ' ಅನ್ನುವ ಹೊಡೆತಗಳನ್ನು ಒಂದರಿಂದ ಐದರವರೆಗೆ ಏರಿಸುತ್ತಾ ಹೋಗುವಾಗಲೇ ಗೈ ಅವರ ಮೂಳೆಗಳು ಮುರಿಯುತ್ತಿದ್ದವು. ಕೊನೆಗೆ ಬಂದದ್ದು ಬಲಗಾಲಿನ ಆ ಒದೆ, 'ನೈಟ್ ಗೈ'. ಮದಾರಾನ ದೇಹದ ಒಂದು ಭಾಗವೇ ಹಾರಿಹೋಯಿತು. ಆದರೂ ಅವನು ಸಾಯಲಿಲ್ಲ, ಮತ್ತೆ ಬೆಳೆದುಕೊಂಡ. ಗೈ ಮಾತ್ರ ಸುಟ್ಟ ಕೊರಡಿನಂತೆ ಬಿದ್ದಿದ್ದರು.

ಆಗ ಬಂದವನು ನರುಟೊ. ಅವನಿಗೆ ಅಷ್ಟರಲ್ಲಿ ನಿಂಜಾಗಳ ಆದಿಋಷಿ ಹಗೊರೊಮೊನಿಂದ 'ಯಾಂಗ್' ಶಕ್ತಿ ಸಿಕ್ಕಿತ್ತು. ಈ ಕಥೆಯ ಲೆಕ್ಕದಲ್ಲಿ 'ಯಿನ್' ರೂಪ ಕೊಡುತ್ತದೆ, 'ಯಾಂಗ್' ಜೀವ ಕೊಡುತ್ತದೆ. ನನಗೆ ಅರ್ಥವಾದಂತೆ ಎಲ್ಲ ಗುಟ್ಟೂ ಇಲ್ಲೇ ಇದೆ. ಮಾಮೂಲಿ ವೈದ್ಯ ನಿಂಜಾ ಗಾಯ ಕೂಡಿಸಬಹುದು. ಆದರೆ ಗೈ ಅವರಿಗೆ ಆಗಿದ್ದು ಬರೀ ಗಾಯವಲ್ಲ, ಜೀವಶಕ್ತಿಯೇ ಖಾಲಿಯಾಗುತ್ತಿತ್ತು. ನರುಟೊ ಮುಟ್ಟಿ ಕೊಟ್ಟಿದ್ದು ಅದನ್ನೇ. ಎಣ್ಣೆ ತೀರಿದ ದೀಪಕ್ಕೆ ಎಣ್ಣೆ ಹಾಕಿದ. ಗೈ ಅವರೊಬ್ಬರಿಗಾಗಿ ಸುಮ್ನೆ ತಂದಿಟ್ಟ ಉಪಾಯ ಇದು ಅಂದುಕೊಳ್ಳಬೇಡಿ. ಸ್ವಲ್ಪ ಹೊತ್ತಿನಲ್ಲೇ ಅದೇ ಶಕ್ತಿಯಿಂದ ಅವನು ತನ್ನ ಗುರು ಕಾಕಾಶಿಗೆ ಕಣ್ಣನ್ನೂ ಮರಳಿ ಕೊಟ್ಟ.

ಸತ್ತವರನ್ನು ಎಬ್ಬಿಸಿದ್ದು ಬೇರೆ, ಸಾಯುವವರನ್ನು ತಡೆದದ್ದು ಬೇರೆ. ಇನ್ನೊಂದಿಷ್ಟು ತಡವಾಗಿದ್ದರೆ ಗೈ ಉಳಿಯುತ್ತಿರಲಿಲ್ಲ ಅಂತಲೇ ನನ್ನ ನಂಬಿಕೆ. ಉಳಿದ ಮೇಲೂ ಬೆಲೆ ತೆತ್ತರು. ಆ ಬಲಗಾಲು ಸರಿಹೋಗಲೇ ಇಲ್ಲ. ವರ್ಷಗಳು ಕಳೆದರೂ ವೀಲ್‌ಚೇರ್ ಬಿಡಲಿಲ್ಲ. ಕಾಲಿನ ಒದೆಯನ್ನೇ ನಂಬಿ ಬದುಕಿದ ಮನುಷ್ಯನಿಗೆ ಇದು ಸಣ್ಣ ನಷ್ಟವಲ್ಲ.

ಗೈ ಅವರ ಅಪ್ಪ ಡೈ ಅವರ ಕಥೆ ನೆನಪಿದ್ದರೆ ನಿಮಗೆ ಇದು ಇನ್ನೂ ಜಾಸ್ತಿ ತಟ್ಟುತ್ತದೆ. ಜೀವನಪೂರ್ತಿ ಗೆನಿನ್ (ಅತಿ ಕೆಳದರ್ಜೆಯ ನಿಂಜಾ) ಆಗಿಯೇ ಉಳಿದು ಎಲ್ಲರ ನಗೆಪಾಟಲಿಗೆ ಗುರಿಯಾದವರು ಅವರು. ಎದುರಾಳಿ ನಿಂಜಾ ಹಳ್ಳಿ ಕಿರಿಗಾಕುರೆಯ ಏಳು ಖಡ್ಗಧಾರಿಗಳು ಮಗನನ್ನೂ ಅವನ ಗೆಳೆಯರನ್ನೂ ಮುತ್ತಿದಾಗ ಎಂಟನೇ ಬಾಗಿಲು ತೆರೆದರು. ಮಕ್ಕಳು ಉಳಿದರು, ಅವರು ಉಳಿಯಲಿಲ್ಲ. ತಂತ್ರ ಅದೇ, ಧೈರ್ಯವೂ ಅದೇ. ಆದರೆ ಅಂದು ಡೈ ಅವರ ಎದೆಯ ಮೇಲೆ ಕೈಯಿಡಲು ಅಲ್ಲಿ ನರುಟೊನಂಥವನು ಯಾರೂ ಇರಲಿಲ್ಲ.