ಜೆಲ್ಲಿ ಫಿಶ್ ಕುಟುಕಿದರೆ ಕಾಚಂಪುಳಿ ಹಚ್ಚಬಹುದೇ?

ಕೊಡಗಿಗೆ ಕಡಲಿಲ್ಲ ನಿಜ. ಆದರೆ ಮಾಕುಟ್ಟ ಘಾಟಿ ಇಳಿದರೆ ಕಣ್ಣೂರು. ರಜೆ ಬಂತೆಂದರೆ ಅರ್ಧ ಊರೇ ಪಯ್ಯಾಂಬಲಂ, ಮುಳಪ್ಪಿಲಂಗಾಡ್ ಬೀಚಿನಲ್ಲಿರುತ್ತದೆ. ರಜೆ ಮುಗಿದ ಮೇಲೆ ನನಗೆ ವರ್ಷವೂ ಅವೇ ಪ್ರಶ್ನೆಗಳು. ಕಾಲಿನ ಮೇಲೆ ಕೆಂಪು ಬರೆ ಹೊತ್ತು ಬರುವವರನ್ನು ನೋಡಿದ್ದೇನೆ. ಕುಟುಕಿಗಿಂತ ಅದರ ಮೇಲೆ ಹಚ್ಚಿಕೊಂಡದ್ದರಿಂದಲೇ ಚರ್ಮ ಜಾಸ್ತಿ ಹಾಳಾಗಿರುತ್ತದೆ. ಜೆಲ್ಲಿ ಫಿಶ್ ಮೀನಲ್ಲ, ಅದಕ್ಕೆ ಎಲುಬಿಲ್ಲ ಎಂಬುದನ್ನೆಲ್ಲ ಇಲ್ಲಿ ವಿವರಿಸುತ್ತಾ ಕೂರುವುದಿಲ್ಲ. ಮಕ್ಕಳ ಪಾಠದ ಪುಸ್ತಕ ತೆರೆದು ನೋಡಿ.

ಪ್ರಶ್ನೆ: ಜೆಲ್ಲಿ ಫಿಶ್ ಕುಟುಕಿದರೆ ವಿನೆಗರ್ ಹಾಕಬೇಕಂತೆ. ನಮ್ಮ ಕಾಚಂಪುಳಿಯೂ ಹುಳಿಯೇ ಅಲ್ವಾ? ಒಂದು ಬಾಟಲಿ ಕಾರಿನಲ್ಲಿ ಇಟ್ಟುಕೊಂಡರೆ ಸಾಕೇ? (ಗೋಣಿಕೊಪ್ಪದ ಓದುಗರು)

ಬಾಟಲಿ ಮನೆಯಲ್ಲೇ ಇರಲಿ, ಪಂದಿ ಕರಿಗೆ ಬೇಕಾಗುತ್ತದೆ. ವಿನೆಗರ್‌ನಲ್ಲಿರುವುದು ಅಸಿಟಿಕ್ ಆಮ್ಲ. ಕಾಚಂಪುಳಿ ಹಣ್ಣಿನ ರಸವನ್ನು ಕಾಯಿಸಿ ಕಪ್ಪಗೆ ಗಟ್ಟಿ ಮಾಡಿದ್ದು. ಅದರ ಮುಖ್ಯ ಹುಳಿ ಹೈಡ್ರಾಕ್ಸಿಸಿಟ್ರಿಕ್ ಆಮ್ಲ. ನಾಲಿಗೆಗೆ ಎರಡೂ ಹುಳಿ, ಅಷ್ಟೇ. ಸಾಲದ್ದಕ್ಕೆ ಅದು ಅಂಟು. ಹಚ್ಚಿದ ಮೇಲೆ ಒರೆಸುತ್ತೀರಿ, ಒರೆಸುವಾಗ ಉಜ್ಜುತ್ತೀರಿ. ತೊಂದರೆ ಶುರುವಾಗುವುದೇ ಉಜ್ಜಿದಾಗ.

ಏಕೆಂದರೆ ಜೆಲ್ಲಿ ಫಿಶ್‌ನ ಎಳೆಗಳ ತುಂಬ ಕಣ್ಣಿಗೆ ಕಾಣದ ವಿಷದ ಕೋಶಗಳಿವೆ. ಪ್ರತಿ ಕೋಶದ ಒಳಗೆ ಸುರುಳಿ ಸುತ್ತಿದ ಒಂದು ಟೊಳ್ಳು ದಾರ. ಒಳಗಿನ ಒತ್ತಡ ನಾವು ಉಸಿರಾಡುವ ಗಾಳಿಯ ಒತ್ತಡದ ಸುಮಾರು 150 ಪಟ್ಟು. ಚರ್ಮ ತಾಗಿತೋ, ಒಂದು ಸೆಕೆಂಡಿನ ಸಾವಿರದ ಒಂದು ಭಾಗಕ್ಕಿಂತಲೂ ಬೇಗ ದಾರ ಹೊರಚಿಮ್ಮಿ ಚುಚ್ಚುತ್ತದೆ. ಇದಕ್ಕೆ ಮಿದುಳಿನ ಅಪ್ಪಣೆ ಬೇಕಿಲ್ಲ. ಅದಕ್ಕೆ ಮಿದುಳೇ ಇಲ್ಲ. ಹಾಗಾಗಿ ತುಂಡಾದ ಎಳೆಯೂ ಕುಟುಕುತ್ತದೆ, ಮರಳಿನ ಮೇಲೆ ಸತ್ತು ಬಿದ್ದದ್ದೂ ಕುಟುಕುತ್ತದೆ. ಫೋಟೊಗೆ ಅಂತ ಮಕ್ಕಳ ಕೈಗೆ ಕೊಡುವ ಅಪ್ಪಂದಿರು ಇದನ್ನು ಇನ್ನೊಮ್ಮೆ ಓದಿ.

ಕುಟುಕಿದ ಜಾಗಕ್ಕೆ ಅಂಟಿದ ಎಳೆಯಲ್ಲಿ ಇನ್ನೂ ಸಿಡಿಯದ ಕೋಶಗಳು ಬೇಕಾದಷ್ಟು ಉಳಿದಿರುತ್ತವೆ. ಅವು ಸಿಡಿಯುತ್ತವೋ ಇಲ್ಲವೋ ಎಂಬುದು ನಿಮ್ಮ ಕೈಯಲ್ಲಿದೆ. ಬಾಟಲಿ ನೀರು ಸುರಿದರೆ ಸಿಡಿಯುತ್ತವೆ. ಮರಳಿನಲ್ಲಿ ತಿಕ್ಕಿದರೆ, ಟವೆಲಿನಲ್ಲಿ ಒರೆಸಿದರೆ ಸಿಡಿಯುತ್ತವೆ. ಕ್ಯಾಂಟೀನ್ ರಮ್ ಸುರಿದರೂ ಅಷ್ಟೇ. ನಮ್ಮವರಿಗೆ ಈ ಕೊನೆಯದನ್ನು ನಂಬಿಸುವುದೇ ಕಷ್ಟ!

ಮೊದಲು ನೀರಿನಿಂದ ಹೊರಗೆ ಬನ್ನಿ. ಕಡಲ ನೀರನ್ನೇ ಸುರಿದು ತೊಳೆಯಿರಿ. ಉಳಿದ ಎಳೆಗಳನ್ನು ಚಿಮಟದಿಂದ ಎತ್ತಿ ತೆಗೆಯಿರಿ. ಎಟಿಎಂ ಕಾರ್ಡಿನಿಂದ ಕೆರೆಯುವ ಹಳೇ ಸಲಹೆ ಮರೆತುಬಿಡಿ, ಒತ್ತಿದರೂ ಅವು ಸಿಡಿಯುತ್ತವೆ. ಎಳೆ ಪೂರ್ತಿ ಹೋದ ಮೇಲೆ ಬಿಸಿನೀರು: 45 ಡಿಗ್ರಿ, 20 ನಿಮಿಷ. ಆಸ್ಟ್ರೇಲಿಯಾದಲ್ಲಿ ಬ್ಲೂ ಬಾಟಲ್ (ಜೆಲ್ಲಿ ಫಿಶ್‌ನಂತೆಯೇ ಕುಟುಕುವ, ತೇಲುವ ನೀಲಿ ಕಡಲ ಪ್ರಾಣಿ) ಕುಟುಕಿದ 96 ಜನರ ಮೇಲೆ ನಡೆದ ಪರೀಕ್ಷೆಯ ಫಲಿತಾಂಶ 2006ರಲ್ಲಿ ಬಂತು. ಬಿಸಿನೀರು ಬಳಸಿದವರಲ್ಲಿ ನೂರಕ್ಕೆ 87 ಮಂದಿಗೆ ನೋವು ಇಳಿಯಿತು. ಐಸ್ ಇಟ್ಟವರಲ್ಲಿ 33 ಮಂದಿಗೆ ಮಾತ್ರ. ಬೀಚಿನ ಟೀ ಅಂಗಡಿಯಲ್ಲಿ ಕೇಳಿದರೆ ಬಿಸಿನೀರು ಸಿಗುತ್ತದೆ. ತಣ್ಣೀರು ಬೆರೆಸಿ, ಕುಟುಕಿಸಿಕೊಳ್ಳದವರ ಕೈಯಲ್ಲಿ ಮುಟ್ಟಿಸಿ ನೋಡಿ. ಹಂಡೆಯಲ್ಲಿ ಕುದಿಯುವ ನೀರಲ್ಲ, ಮಾರಾಯ್ರೆ.

ಇನ್ನು ವಿನೆಗರ್ ವಿಷಯ. ಪೆಟ್ಟಿಗೆ ಆಕಾರದ ಬಾಕ್ಸ್ ಜೆಲ್ಲಿ ಫಿಶ್ ಕುಟುಕಿದರೆ ಅದು ಉಪಯೋಗಕ್ಕೆ ಬರುತ್ತದೆ. ಸಿಡಿಯದ ಕೋಶಗಳನ್ನು ತಡೆಯುತ್ತದೆ. ಒಳಗೆ ಹೋದ ವಿಷಕ್ಕೆ ಏನೂ ಮಾಡದು. ಬ್ಲೂ ಬಾಟಲ್‌ಗೆ ಹಾಕಬೇಕೋ ಬೇಡವೋ ಎಂದು ತಜ್ಞರಲ್ಲೇ ಜಗಳವಿದೆ. ಕುಟುಕಿದ್ದು ಯಾವುದು ಎಂದು ನಿಮಗೆ ಗೊತ್ತಿರುವುದಿಲ್ಲ. ಬೀಚಿನ ಲೈಫ್‌ಗಾರ್ಡ್ ಹೇಳಿದರೆ ಹಾಕಿ, ನೀವಾಗಿ ಬೇಡ. ಇದು ನನ್ನ ಅತಿ ಎಚ್ಚರ ಅನ್ನಿ, ಪರವಾಗಿಲ್ಲ.

ಉಸಿರು ಕಟ್ಟಿದರೆ, ಮುಖ ಊದಿದರೆ, ವಾಂತಿ ಅಥವಾ ಎದೆನೋವು ಬಂದರೆ, ಅರ್ಧ ಗಂಟೆ ಕಳೆದು ಬೆನ್ನು ಸೊಂಟ ಹಿಡಿದುಕೊಂಡರೆ ಕಣ್ಣೂರಿನಲ್ಲೇ ಆಸ್ಪತ್ರೆಗೆ ಹೋಗಿ. ಕಣ್ಣಿಗೆ ಕುಟುಕಿದ್ದರೂ, ಸಣ್ಣ ಮಗುವಾಗಿದ್ದರೂ ಹಾಗೆಯೇ. "ಮನೆಗೆ ಹೋಗಿ ನೋಡೋಣ" ಎಂದು ಮಾಕುಟ್ಟದ ಕಾಡಿನ ದಾರಿ ಹತ್ತಬೇಡಿ. ನಡುದಾರಿಯಲ್ಲಿ ಗಂಟಲು ಮುಚ್ಚಿಕೊಂಡರೆ ಯಾರನ್ನು ಕರೆಯುತ್ತೀರಿ?

ಪ್ರಶ್ನೆ: ಒಮ್ಮೆ ಕುಟುಕಿಸಿಕೊಂಡರೆ ಮೈ ಪಳಗುತ್ತದೆ, ಮುಂದೆ ಏನೂ ಆಗದು ಎನ್ನುತ್ತಾರೆ. ನಿಜವೇ?

ಅಪಾಯದ ಮಾತು. 1901ರಲ್ಲಿ ಮೊನಾಕೊದ ರಾಜನ ಹಡಗಿನಲ್ಲಿ ಷಾರ್ಲ್ ರಿಷೆ ಮತ್ತು ಪೋರ್ತಿಯೆ ಎಂಬ ವಿಜ್ಞಾನಿಗಳು ಬ್ಲೂ ಬಾಟಲ್‌ನ ಜಾತಿಯ ಪ್ರಾಣಿಯ ವಿಷ ಪರೀಕ್ಷಿಸುತ್ತಿದ್ದರು. ಊರಿಗೆ ಮರಳಿ, ಜೆಲ್ಲಿ ಫಿಶ್‌ನ ನೆಂಟನಾದ ಕಡಲ ಹೂವಿನ ವಿಷವನ್ನು ನಾಯಿಗಳಿಗೆ ಕೊಟ್ಟರು. ನಾಯಿಗಳು ಪಳಗಬಹುದು ಎಂಬುದು ಅವರ ಲೆಕ್ಕ. ಮೊದಲ ಸಲ ಬದುಕಿದ್ದ ನಾಯಿ, ಕೆಲವು ವಾರ ಬಿಟ್ಟು ತೀರಾ ಸ್ವಲ್ಪ ಕೊಟ್ಟಾಗ ನಿಮಿಷಗಳಲ್ಲಿ ಸತ್ತಿತು. ಅನಾಫಿಲಾಕ್ಸಿಸ್ ಎಂಬ ತೀವ್ರ ಅಲರ್ಜಿ ಪತ್ತೆಯಾದದ್ದು ಹೀಗೆ. ರಿಷೆಗೆ 1913ರಲ್ಲಿ ನೊಬೆಲ್ ಬಂತು. ತೋಟದಲ್ಲಿ ಹೆಜ್ಜೇನು, ಕಣಜ ಕಚ್ಚಿದಾಗ ಕೆಲವರು ಕುಸಿದು ಬೀಳುವುದೂ ಇದರಿಂದಲೇ. ಎಲ್ಲರಿಗೂ ಹೀಗಾಗುವುದಿಲ್ಲ. ಆದರೆ ಮೊದಲ ಸಲ ಜೋರಾಗಿ ಆಗಿದ್ದವರು ಡಾಕ್ಟರನ್ನು ಕಾಣದೆ ಮತ್ತೆ ನೀರಿಗಿಳಿಯಬಾರದು.

ಪ್ರಶ್ನೆ: ಮೂತ್ರ ಹೊಯ್ದರೆ ಉರಿ ಹೋಗುತ್ತದಂತೆ?

ಹೋಗುವುದಿಲ್ಲ. ಮರ್ಯಾದೆ ಹೋಗುತ್ತದೆ.

ಪ್ರಶ್ನೆ: ನಾಟಿ ವೈದ್ಯರು ಸುಣ್ಣ ಹಚ್ಚಿ ಮಂತ್ರ ಹಾಕಿದರು, ಮಾರನೇ ದಿನಕ್ಕೆ ನೋವಿರಲಿಲ್ಲ. ಇದಕ್ಕೇನು ಹೇಳುತ್ತೀರಿ?

ಸಾಧಾರಣ ಕುಟುಕಿನ ನೋವು ಸುಮ್ನೆ ಕೂತರೂ ಮಾರನೇ ದಿನಕ್ಕೆ ಇಳಿಯುತ್ತದೆ. ದುಡ್ಡು ಎಷ್ಟು ಕೊಟ್ಟಿರಿ ಅಂತ ಬರೆದಿಲ್ಲವಲ್ಲ?

ಪ್ರಶ್ನೆ: ಹಾರಂಗಿ ಹಿನ್ನೀರಿನಲ್ಲಿ ಈಜಲು ಭಯ. ಸಿಹಿನೀರಿನಲ್ಲೂ ಜೆಲ್ಲಿ ಫಿಶ್ ಇರುತ್ತವಂತೆ?

ಪಶ್ಚಿಮ ಘಟ್ಟದ ಕೆಲವು ನದಿಗಳಲ್ಲಿ ನಾಣ್ಯದಷ್ಟು ಸಣ್ಣ ಜಾತಿ ಇದೆ. ಅದರ ಕುಟುಕು ನಮ್ಮ ಚರ್ಮ ದಾಟುವುದಿಲ್ಲ. ಹಿನ್ನೀರಿನಲ್ಲಿ ಆಳಕ್ಕೆ ಹೆದರಿ.

ಪ್ರಶ್ನೆ: ವಾಸಿಯಾಗಿದ್ದ ಬರೆ ಹತ್ತು ದಿನ ಬಿಟ್ಟು ಮತ್ತೆ ಕೆಂಪಾಗಿ ತುರಿಸುತ್ತಿದೆ. ಫೋಟೊ ಕಳಿಸಿದ್ದೇನೆ.

ತಡವಾಗಿ ಬರುವ ಅಲರ್ಜಿ ಇರಬಹುದು, ಅಪರೂಪವೇನಲ್ಲ. ಚರ್ಮದ ಡಾಕ್ಟರಿಗೆ ತೋರಿಸಿ. ಫೋಟೊ ನೋಡಿ ನಾನು ಮುಲಾಮು ಬರೆಯುವುದಿಲ್ಲ.