ಪಂಪ್ ಬದಲಿಸುವ ಮುಂಚೆ ಜಾಲರಿ ಬಿಚ್ಚಿ ನೋಡಿ

ಪ್ರಶ್ನೆ: ತುಮಕೂರಿನಲ್ಲಿ ಲಗೇಜ್ ಆಟೊದಲ್ಲಿ 300 ಲೀಟರ್ ಟ್ಯಾಂಕ್, ಪ್ರೆಶರ್ ವಾಷರ್ ಇಟ್ಟುಕೊಂಡು ಮನೆಮನೆಗೆ ಹೋಗಿ ಕಾರು ತೊಳೆಯುತ್ತೇನೆ. ಹದಿನೈದು ದಿನದಿಂದ ಗನ್ ಒತ್ತಿದರೆ ನೀರು ಬಿಟ್ಟು ಬಿಟ್ಟು ಬರುತ್ತಿದೆ. ಪಂಪ್ ಹೋಗಿದೆ, ಹೊಸದು ಹಾಕಿಸಿ ಅಂತಾರೆ ಮೆಕ್ಯಾನಿಕ್. ಬೇರೆ ದಾರಿ ಇದೆಯಾ ಸರ್?

ಉತ್ತರ: ದುಡ್ಡು ಕೊಡುವ ಮುಂಚೆ ಸ್ವಲ್ಪ ತಾಳಿ. ನೀರು ಹೀಗೆ ಬಿಟ್ಟು ಬಿಟ್ಟು ಬಂದರೆ ಜಾಸ್ತಿ ಸಲ ತಪ್ಪು ಪಂಪಿನದ್ದಲ್ಲ. ಅದಕ್ಕೆ ನೀರು ಸಾಲುತ್ತಿಲ್ಲ, ಇಲ್ಲವೇ ನೀರಿನ ಜೊತೆ ಗಾಳಿ ಸೇರುತ್ತಿದೆ.

ಪ್ಲಗ್ ಕಿತ್ತು, ಗನ್ ಒತ್ತಿ ಒಳಗೆ ಉಳಿದ ಪ್ರೆಶರ್ ಬಿಡಿ. ನೀರು ಒಳಹೋಗುವ ಕಡೆಯ ಪೈಪ್ ಬಿಚ್ಚಿ. ಅಲ್ಲೇ ಬಾಯಲ್ಲಿ ಹೆಬ್ಬೆರಳ ತುದಿಯಷ್ಟು ಜಾಲರಿ ಕೂತಿರುತ್ತದೆ. ಇಕ್ಕಳದಿಂದ ಮೆಲ್ಲಗೆ ಎಳೆದು ಬೆಳಕಿಗೆ ಹಿಡಿಯಿರಿ. ಬೋರ್‌ವೆಲ್ ನೀರಾದರೆ ಬಿಳಿ ಉಪ್ಪು ಕಟ್ಟಿ, ಟ್ಯಾಂಕಿನ ಪಾಚಿಯೂ ಮೆತ್ತಿಕೊಂಡು ಅರ್ಧ ತೂತು ಮುಚ್ಚಿಹೋಗಿರುತ್ತದೆ. ವಿನೆಗರ್‌ನಲ್ಲಿ ಅರ್ಧ ಗಂಟೆ ನೆನೆಸಿ, ಹಳೆ ಹಲ್ಲುಜ್ಜುವ ಬ್ರಷ್‌ನಿಂದ ತಿಕ್ಕಿ.

ಜಾಲರಿ ಚೊಕ್ಕವಿದ್ದರೆ ಜಾಯಿಂಟ್ ನೋಡಿ. ಒಳಗಿನ ರಬ್ಬರ್ ವಾಷರ್ ಬಿಸಿಲಿಗೆ ಒಣಗಿ ಬಿರಿದಿರಬಹುದು. ಇದು ಸುಲಭಕ್ಕೆ ಗೊತ್ತಾಗುವುದಿಲ್ಲ. ಪಂಪ್ ಎಳೆಯುವ ಕಡೆ ನೀರು ಹೊರಗೆ ಸೋರಲ್ಲ, ಗಾಳಿ ಒಳಗೆ ಹೋಗುತ್ತದೆ ಅಷ್ಟೇ. ಗಿಡಕ್ಕೆ ನೀರು ಬಿಡುವ ಮೆತ್ತನೆ ಪೈಪ್ ಹಾಕಿದ್ದರೆ ಅದನ್ನೂ ತೆಗೆಯಿರಿ, ಎಳೆತಕ್ಕೆ ಅದು ಚಪ್ಪಟೆಯಾಗುತ್ತದೆ. ಸಕ್ಷನ್‌ಗೆ ಗಟ್ಟಿ ಪೈಪೇ ಬೇಕು. ಸಾಧ್ಯವಾದರೆ ಟ್ಯಾಂಕ್ ಮೇಲೆ, ಮಷೀನ್ ಕೆಳಗೆ ಬರುವಂತೆ ಇಡಿ. ಆಗ ನೀರು ತಾನಾಗಿಯೇ ಇಳಿಯುತ್ತದೆ, ಅಲ್ವಾ?

ನಾಜಲ್‌ನಲ್ಲಿ ಮರಳು ಸಿಕ್ಕಿದ್ದರೆ ಗನ್ನಿಂದ ಬಿಚ್ಚಿಕೊಂಡು ಸಣ್ಣ ಪಿನ್ನಿನಿಂದ ತೆಗೆಯಿರಿ. ಮತ್ತೆ ಹಾಕುವ ಮುಂಚೆ, ನಾಜಲ್ ಇಲ್ಲದೆಯೇ ಗನ್ ಒತ್ತಿ ಮಷೀನ್ ಓಡಿಸಿ. ಗಾಳಿ ಹೋಗಿ ನೀರು ಒಂದೇ ಸಮ ಬರುವವರೆಗೆ ಬಿಡಿ.

ಇಷ್ಟಾದರೂ ಸರಿಹೋಗದಿದ್ದರೆ ಪಂಪಿನ ವಾಲ್ವ್, ಸೀಲ್ ಸವೆದಿರಬಹುದು. ಆಯಿಲ್ ನೋಡಲು ಕಿಂಡಿ ಇರುವ ಮಷೀನಾದರೆ ಅದನ್ನೂ ಗಮನಿಸಿ. ಆಯಿಲ್ ಹಾಲಿನಂತೆ ಬೆಳ್ಳಗಾಗಿದ್ದರೆ ನೀರು ಸೇರಿದೆ ಅಂತಲೇ ಅರ್ಥ. ಆಗಲೂ ಮೊದಲು ಸೀಲ್ ಕಿಟ್ ಹಾಕಲು ಹೇಳಿ, ಪೂರ್ತಿ ಪಂಪ್ ಬೇಡ.

ಇನ್ನೊಂದು ಮಾತು. ಗ್ರಾಹಕರ ಮನೆಯಿಂದ ಕರೆಂಟ್ ಎಳೆಯಲು ತೆಳು ವೈರ್ ಬಳಸಬೇಡಿ. ವೋಲ್ಟೇಜ್ ಇಳಿದು ಮೋಟರ್ ಬಿಸಿಯಾಗುತ್ತದೆ. 2.5 ಚದರ ಮಿ.ಮೀ.ನ ಮೂರು ಎಳೆಯ ಕೇಬಲ್ ಕೊಳ್ಳಿ, ಅರ್ಥಿಂಗ್ ಇರುವ ಪ್ಲಗ್‌ಗೇ ಹಾಕಿ. ದಿನವಿಡೀ ಒದ್ದೆ ನೆಲದಲ್ಲಿ ನಿಂತು ಕೆಲಸ ಮಾಡುವವರು ನೀವು.