70–300 ಜೂಮ್ ಲೆನ್ಸ್ 300ರಲ್ಲಿ ಫೋಕಸ್‌ಗಾಗಿ ತಡಕಾಡುತ್ತದೆ, ಲೆನ್ಸ್ ಕೆಟ್ಟಿದೆಯೇ?

ನಿಮ್ಮ ಡಿಎಸ್‌ಎಲ್‌ಆರ್ ಕ್ಯಾಮೆರಾಕ್ಕೆ ಹಾಕಿರುವ 70–300 ಎಂ.ಎಂ. ಲೆನ್ಸ್ 70ರಲ್ಲಿ ಚುರುಕಾಗಿ ಫೋಕಸ್ ಆಗುತ್ತದೆ, 300ಕ್ಕೆ (ಪೂರ್ತಿ ಜೂಮ್) ಹೋದರೆ, ಅದರಲ್ಲೂ ಸಂಜೆ ಹೊತ್ತಿನಲ್ಲಿ, ಹಿಂದಕ್ಕೂ ಮುಂದಕ್ಕೂ ಓಡಾಡುತ್ತಲೇ ಇರುತ್ತದೆ ಎಂದು ಬರೆದಿದ್ದೀರಿ. ಮಾರಿ ಬೇರೆ ಕೊಳ್ಳಲೇ ಎಂದೂ ಕೇಳಿದ್ದೀರಿ. ದಯವಿಟ್ಟು ಈಗಲೇ ಮಾರಬೇಡಿ. ನೀವು ಹೇಳಿದ ಲಕ್ಷಣಗಳನ್ನು ನೋಡಿದರೆ ಲೆನ್ಸ್ ಕೆಟ್ಟಂತಿಲ್ಲ, ಅದಕ್ಕೆ ಬೆಳಕು ಸಾಲುತ್ತಿಲ್ಲ.

ಇಂಥದೇ ಲೆನ್ಸಿನಲ್ಲಿ ನಾನು ಹಲವು ವರ್ಷ ಹಕ್ಕಿಗಳ ಚಿತ್ರ ತೆಗೆದಿದ್ದೇನೆ. ನೀವು ಯಾವ ಅಪರ್ಚರ್ (ಬೆಳಕು ಒಳಬರುವ ಕಿಂಡಿಯ ಅಳತೆ) ಇಟ್ಟಿದ್ದರೂ ಡಿಎಸ್‌ಎಲ್‌ಆರ್ ಫೋಕಸ್ ಮಾಡುವಾಗ ಲೆನ್ಸ್ ಪೂರ್ತಿ ತೆರೆದೇ ಇರುತ್ತದೆ. ಈ ವರ್ಗದ ಲೆನ್ಸುಗಳಲ್ಲಿ ಹೆಚ್ಚಿನವು 70ರಲ್ಲಿ ಎಫ್ 4ರಷ್ಟು ತೆರೆದರೆ 300ರಲ್ಲಿ ತೆರೆಯುವುದು ಎಫ್ 5.6ರಷ್ಟು ಮಾತ್ರ (ಎಫ್ ಅಂಕಿ ದೊಡ್ಡದಾದಷ್ಟೂ ಕಿಂಡಿ ಚಿಕ್ಕದು). ಅಂದರೆ ಒಳಗೆ ಬರುವ ಬೆಳಕು ಅರ್ಧಕ್ಕೆ ಇಳಿಯಿತು. ಅನೇಕ ಡಿಎಸ್‌ಎಲ್‌ಆರ್‌ಗಳ ಫೋಕಸ್ ಸಂವೇದಕಗಳು ಎಫ್ 5.6ರವರೆಗೆ ಮಾತ್ರ ಸರಿಯಾಗಿ ಕೆಲಸ ಮಾಡುತ್ತವೆ, ಹಾಗಾಗಿ ನೀವು ಅವುಗಳ ಮಿತಿಯ ಅಂಚಿನಲ್ಲೇ ನಿಂತಿದ್ದೀರಿ. ಸಂಜೆಯಾದರೆ ಸಂವೇದಕಕ್ಕೆ ಹಿಡಿದುಕೊಳ್ಳಲು ಏನೂ ಸಿಗುವುದಿಲ್ಲ. ಆಗ ಲೆನ್ಸ್ ಅತಿ ಹತ್ತಿರದಿಂದ ಅನಂತದವರೆಗೆ ಪೂರ್ತಿ ಹುಡುಕಿ ಮತ್ತೆ ಹಿಂದಿರುಗುತ್ತದೆ. ನಿಮಗೆ ಕಾಣುತ್ತಿರುವ ಓಡಾಟ ಅದೇ.

ಇದಕ್ಕೆ ನನ್ನ ಅನುಭವದಲ್ಲಿ ಎಲ್ಲಕ್ಕಿಂತ ಹೆಚ್ಚು ನೆರವಾದದ್ದು ಆ ಓಡಾಟದ ದೂರವನ್ನೇ ಕಡಿಮೆ ಮಾಡುವುದು. ಲೆನ್ಸಿನ ಮೇಲೆ ಫೋಕಸ್ ವ್ಯಾಪ್ತಿಯನ್ನು ಮಿತಗೊಳಿಸುವ ಸ್ವಿಚ್ ಇದ್ದರೆ ದೂರದ ಹಕ್ಕಿಗಳಿಗೆ ಅದನ್ನು ಬಳಸಿ. ಇಲ್ಲದಿದ್ದರೆ ಹಕ್ಕಿ ಕೂರುವಷ್ಟೇ ದೂರದಲ್ಲಿರುವ ಕೊಂಬೆಗೆ ಮೊದಲೇ ಫೋಕಸ್ ಮಾಡಿಟ್ಟುಕೊಳ್ಳಿ. ಹಕ್ಕಿ ಬಂದಾಗ ಲೆನ್ಸ್ ಕೂದಲೆಳೆಯಷ್ಟು ಸರಿದರೆ ಸಾಕು. ಕೈಯಿಂದ ತಿರುಗಿಸುವುದಾದರೆ ಒಂದು ಎಚ್ಚರಿಕೆ: ಕೆಲವು ಲೆನ್ಸುಗಳಲ್ಲಿ ಆಟೋ ಸ್ಥಿತಿಯಲ್ಲಿರುವಾಗ ಫೋಕಸ್ ಉಂಗುರವನ್ನು ಬಲವಂತವಾಗಿ ತಿರುಗಿಸಿದರೆ ಒಳಗಿನ ಗಿಯರಿಗೆ ಪೆಟ್ಟಾಗುತ್ತದೆ. ಕೈಪಿಡಿ ನೋಡದೆ ಮುಟ್ಟಬೇಡಿ.

ವ್ಯೂಫೈಂಡರಿನಲ್ಲಿ (ಕಣ್ಣಿಟ್ಟು ನೋಡುವ ಕಿಂಡಿ) ಕಾಣುವ ಫೋಕಸ್ ಬಿಂದುಗಳಲ್ಲಿ ಮಧ್ಯದ್ದನ್ನೇ ಆರಿಸಿಕೊಳ್ಳಿ, ಸಾಮಾನ್ಯವಾಗಿ ಅದೇ ಹೆಚ್ಚು ಸೂಕ್ಷ್ಮ. ಅದನ್ನು ಹಕ್ಕಿಯ ಒಂದೇ ಬಣ್ಣದ ಹೊಟ್ಟೆಯ ಮೇಲಿಡದೆ ಕಣ್ಣು, ಕೊಕ್ಕು, ರೆಕ್ಕೆಯ ಅಂಚು ಇಂಥ ಕಡೆ ಇಡಿ. ಬೆಳಕು ಕತ್ತಲೆ ಕೂಡುವ ಗೆರೆ ಇಲ್ಲದಿದ್ದರೆ ಯಾವ ಕ್ಯಾಮೆರಾಕ್ಕೂ ದಾರಿ ತಿಳಿಯದು.

ನಾನು ತಿಂಗಳುಗಟ್ಟಲೆ ಮಾಡಿದ ತಪ್ಪೊಂದಿದೆ. 70ರಲ್ಲಿ ಹಕ್ಕಿಯನ್ನು ಹುಡುಕಿ, ಫೋಕಸ್ ಮಾಡಿ, ಆ ಮೇಲೆ 300ಕ್ಕೆ ಜೂಮ್ ಮಾಡಿ ಗುಂಡಿ ಒತ್ತುತ್ತಿದ್ದೆ. ಚಿತ್ರಗಳೆಲ್ಲ ಮಬ್ಬು. ಇಂದಿನ ಸ್ಥಿರಚಿತ್ರದ ಜೂಮ್ ಲೆನ್ಸುಗಳಲ್ಲಿ ಬಹುಪಾಲು ಜೂಮ್ ಬದಲಾದರೆ ಫೋಕಸ್ ಕೂಡ ಜಾರುತ್ತದೆ ಎಂಬುದು ನನಗೆ ಗೊತ್ತಿರಲಿಲ್ಲ. ಮೊದಲು ಜೂಮ್, ಆಮೇಲೆ ಫೋಕಸ್. ಈ ಕ್ರಮ ಬದಲಿಸಿದ ದಿನದಿಂದ ಲೆನ್ಸಿನ ಮೇಲಿನ ನನ್ನ ಸಿಟ್ಟು ಇಳಿಯಿತು.

ಇನ್ನು ಲೆನ್ಸ್ ತಡಕಾಡದೆ ಥಟ್ಟನೆ ನಿಂತು, ಚಿತ್ರ ಮಾತ್ರ ಮಬ್ಬಾಗಿ ಬಂದರೆ ಅದು ಬೇರೆಯೇ ಸಮಸ್ಯೆ. ಮೊದಲು ಕೈ ನಡುಕವನ್ನು ಅನುಮಾನಿಸಿ. ಕ್ಯಾಮೆರಾವನ್ನು ಟ್ರೈಪಾಡ್ ಮೇಲಿಟ್ಟು, ಗೋಡೆಗೆ ಅಂಟಿಸಿದ ಪತ್ರಿಕೆಯ ಹಾಳೆಯನ್ನು ಒಮ್ಮೆ ವ್ಯೂಫೈಂಡರ್ ಮೂಲಕ, ಒಮ್ಮೆ ಲೈವ್ ವ್ಯೂನಲ್ಲಿ (ಹಿಂಬದಿಯ ಪರದೆ ನೋಡುತ್ತ) ಫೋಕಸ್ ಮಾಡಿ ತೆಗೆಯಿರಿ. ಲೈವ್ ವ್ಯೂ ಚಿತ್ರ ಮಾತ್ರ ಸ್ಪಷ್ಟವಾಗಿದ್ದರೆ ಕ್ಯಾಮೆರಾ ಮತ್ತು ಲೆನ್ಸ್ ನಡುವೆ ಹೊಂದಾಣಿಕೆ ತಪ್ಪಿದೆ. ಕೆಲವು ಕ್ಯಾಮೆರಾಗಳ ಮೆನುವಿನಲ್ಲೇ ಇದನ್ನು ಸರಿಪಡಿಸಿಕೊಳ್ಳಬಹುದು.

ನಡುಹಗಲಿನ ಬೆಳಕಿನಲ್ಲಿ, ಅಚ್ಚಾದ ಅಕ್ಷರಗಳ ಮೇಲೂ ಲೆನ್ಸ್ ತಡಕಾಡಿದರೆ ಮಾತ್ರ ದೋಷವಿರಬಹುದು. ಮುಂದಿನ ಫಿಲ್ಟರ್ ತೆಗೆದು, ಹಿಂಬದಿಯ ಲೋಹದ ಸಂಪರ್ಕ ಬಿಂದುಗಳನ್ನು ಒಣ, ಮೃದು ಬಟ್ಟೆಯಿಂದ ಒರೆಸಿ ಇನ್ನೊಮ್ಮೆ ನೋಡಿ. ಅದಕ್ಕೂ ಬಗ್ಗದಿದ್ದರೆ ರಿಪೇರಿಯವರಿಗೆ ತೋರಿಸಿ.